ದೊಡ್ಡಪ್ಪನ ಕಂಸಾಳೆ

ಈ ಸೋಮವಾರ ದೇವರ ದೀಪ ತೊಳೆಯಲು ಹುಣಸೆಹಣ್ಣು ನೆನೆಹಾಕಿದ್ದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಕಟ್ಟೆಮಳಲವಾಡಿಯ ನಮ್ಮ ಎದುರು ಮನೆ ದೊಡ್ಡಪ್ಪ ಜಗಲಿಯ ಮೇಲೆ ಕೂತು ಕಂಸಾಳೆ ಉಜ್ಜುತ್ತಿದ್ದದ್ದು ಕಣ್ಣಮುಂದೆ ಬಂತು... ಎಡಗೈಗೆ ಕಂಚಿನ ಬಟ್ಟಲು, ಬಲಗೈಗೆ ಹುರಿ ಕಟ್ಟಿದ ತಾಳ. ಮಾದಪ್ಪನ ಹೆಸರು ಹೇಳಿ ಬೀಸಿ ಕುಣಿದರೆ ತಾಳ ಮೈಸುತ್ತ ತಿರುಗಿ ಬಂದು ಬಟ್ಟಲಿಗೇ ಬಡಿಯುತ್ತಿತ್ತು.

ನಾನು ಕಾಲೇಜು ಓದುವಾಗ ನನಗೂ ಕಲಿಸಿದರು. ಕೂತು ಬಡಿಯುವುದು, ನಿಂತು ಬಡಿಯುವುದು ಬೇಗ ಬಂತು. ಬೆನ್ನ ಹಿಂದಿನ ಬಡಿತ ಮಾತ್ರ ಬರಲೇ ಇಲ್ಲ. ಒಂದು ಮಳೆಗಾಲ ಪೂರ್ತಿ ಅಲ್ಲೇ ನಿಂತುಬಿಟ್ಟೆ. ತಾಳ ಹೋಗಿ ಬೆನ್ನುಮೂಳೆಗೆ ಬಡಿಯುತ್ತಿತ್ತು. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ; ಹುರಿ ಉದ್ದವಾಯಿತು ಎಂದು ರೇಗುತ್ತಿದ್ದೆ.

"ಕುಣೀನಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ದೊಡ್ಡಮ್ಮ ಒಳಗಿನಿಂದಲೇ ನಗುತ್ತಿದ್ದರು.

ದೊಡ್ಡಪ್ಪ ನಗುತ್ತಿರಲಿಲ್ಲ. ಕಂಸಾಳೆ ಇಸಿದುಕೊಂಡು, "ವಸಿ ದಿವ್ಸ ಬರಿಗೈಲಿ ಕುಣಿಯವ್ವ. ಅದಾಗೇ ಬತ್ತದೆ" ಅನ್ನುತ್ತಿದ್ದರು. ಕುಣಿದೆ. ಬರಲಿಲ್ಲ. ಅಳುವೇ ಬರುತ್ತಿತ್ತು.

ಆ ವರ್ಷವೇ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಆಸ್ಪತ್ರೆಯಿಂದ ಬಂದವರೇ ಕಂಸಾಳೆ ಕೇಳಿದರು. ಮೊದಮೊದಲು ಬೆರಳು ಮಡಚಿದವು, ಹುರಿ ಹಿಡಿದವು. ನಮಗೆಲ್ಲ ಆಸೆ ಹುಟ್ಟಿತು. ಆಮೇಲೆ ಅಷ್ಟಕ್ಕೇ ನಿಂತಿತು. ಎಷ್ಟು ತಿಣುಕಿದರೂ ತಾಳ ಅವರ ಮಡಿಲಿಗೇ ಬೀಳುತ್ತಿತ್ತು. ಅದನ್ನು ನೋಡುತ್ತ ನಿಲ್ಲುವುದು ಬಿಟ್ಟು ನನ್ನ ಕೈಲಿ ಏನೂ ಆಗುತ್ತಿರಲಿಲ್ಲ.

ಒಂದು ಸಂಜೆ ಅವರು ಎಡಗೈಯಲ್ಲಿ ಬಟ್ಟಲು ಹಿಡಿದು, ತಾಳ ನನ್ನ ಕಡೆ ನೂಕಿ, "ನೀನ್ ಬೀಸವ್ವ" ಎಂದರು. ಎದುರು ನಿಂತು ಅವರ ಬಟ್ಟಲಿಗೆ ಬಡಿದೆ. ಅಲ್ಲಿಂದ ಮುಂದೆ ದಿನಾ ಹಾಗೇ, ಒಂದು ಕಂಸಾಳೆಗೆ ಇಬ್ಬರು. ನಾನು ಅವರಿಗೆ ಬೆನ್ನು ಮಾಡಿ ಬೀಸಿದಾಗ, ದಾರಿ ತಪ್ಪಿದ ತಾಳಕ್ಕೆ ಅವರೇ ಬಟ್ಟಲು ಚಾಚಿ ಕೊಡುತ್ತಿದ್ದರು.

"ಬಂತಲ್ಲವ್ವ" ಅನ್ನುತ್ತಿದ್ದರು. ಬಂದಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಒಮ್ಮೆ ಬಲಗೈಯನ್ನೇ ನೋಡುತ್ತ, "ನಂಗೂ ಬತ್ತದಾ?" ಎಂದು ಕೇಳಿದರು. ನನ್ನ ಬಾಯಿಗೆ ಅವರದೇ ಮಾತು ಬಂತು. "ಅದಾಗೇ ಬತ್ತದೆ, ದೊಡ್ಡಪ್ಪ."

ಆ ಕೈ ಕೊನೆಯವರೆಗೂ ಏಳಲಿಲ್ಲ. ಅವರು ಹೋದಾಗ ದೊಡ್ಡಮ್ಮ ಬಟ್ಟಲನ್ನು ಅವರ ಎಡಗೈಗೇ ಇಟ್ಟು ಮಣ್ಣು ಮಾಡಿಸಿದರು. ತಾಳ ನನಗೆ ಕೊಟ್ಟರು.

ಈ ಸೋಮವಾರ ದೀಪದ ಜೊತೆ ಅದನ್ನೂ ತೊಳೆದೆ. ಅವರ ನೆನಪು ಉಕ್ಕಿ ಬಂದು, ಹುರಿ ಹಿಡಿದು ಹಿಂದಕ್ಕೆ ಬೀಸಿದೆ. ತಾಳ ನನ್ನ ಬೆನ್ನಿಗೇ ಬಡಿಯಿತು.