ಆಚುಮ್ಮನ ಸನ್ಮಾನ ಮತ್ತು ಒಂದು ಹಂಡೆ ಬಿಸಿನೀರು

ಗಲ್ಫಿನಲ್ಲಿ ಎಂಥ ಚಳಿ ಎಂದು ಊರಿನವರು ನಗುತ್ತಾರೆ. ನಗಲಿ, ಮಾರಾಯ್ರೇ. ಜನವರಿಯಲ್ಲಿ ಅಬುಧಾಬಿಗೆ ಬಂದು, ತಾರಸಿಯ ಮೇಲೆ ಪ್ಲೈವುಡ್ ಹೊಡೆದು ಎಬ್ಬಿಸಿದ ಕೋಣೆಯಲ್ಲಿ, ಕರೆಂಟಿಲ್ಲದೆ, ಹಸಿ ಬಾಣಂತಿಯ ಪಕ್ಕ ನಾಲ್ಕು ದಿನ ಇದ್ದು ನೋಡಲಿ. ಆಮೇಲೆ ಬೇಕಾದಷ್ಟು ನಗಲಿ. ಆ ವರ್ಷ ಆಚುಮ್ಮನ ಎದುರು ಯಾರಾದರೂ ಈ ಮಾತು ಆಡಿದ್ದರೆ ಅವರ ಗ್ರಹಚಾರ ಬಿಡಿಸಿಬಿಡುತ್ತಿದ್ದಳು.

ಆಚುಮ್ಮ ಉಳ್ಳಾಲದ ಕಡೆಯ ಬ್ಯಾರಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬ ಅರಬಿಯ ಮನೆಗೆ ಕೆಲಸಕ್ಕೆಂದು ಬಂದವಳು. ಈಗ ಮಗ ನೌಶಾದ್ ಅಲ್ ಮೀನಾದ ತರಕಾರಿ ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟಿದ್ದಾನೆ, ಅವನ ಜೊತೆಗಿದ್ದಾಳೆ. ಜೊತೆಗೆ ಅಂದರೆ ಹೆಸರಿಗೆ. ವರ್ಷದಲ್ಲಿ ಹೆಚ್ಚಿನ ದಿನ ಅವಳು ಯಾರದೋ ಬಾಣಂತಿ ಕೋಣೆಯಲ್ಲೇ ಇರುತ್ತಿದ್ದಳು. ಬಂಟರ ಮನೆಯಾಗಲಿ, ಬ್ಯಾರಿಗಳ ಮನೆಯಾಗಲಿ, ಕ್ರಿಶ್ಚಿಯನ್ನರ ಮನೆಯಾಗಲಿ, ಅಬುಧಾಬಿಯಲ್ಲಿರುವ ನಮ್ಮ ಕರಾವಳಿಯವರಲ್ಲಿ ಹೆರಿಗೆಯಾಯಿತು ಅಂದರೆ ಮೊದಲ ಫೋನು ಊರಿಗೆ, ಎರಡನೆಯದು ಆಚುಮ್ಮನಿಗೆ. ತಾಯಿಯ ಮೈಗೆ ಎಣ್ಣೆ ತಿಕ್ಕಿ, ಹಂಡೆ ನೀರು ಹೊಯ್ದು, ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಿ, ಲೋಬಾನದ ಹೊಗೆ ಹಿಡಿದು, ಸುತ್ತಿ ಮಲಗಿಸುವವರೆಗೆ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಎಲ್ಲರಿಗೂ ಬೈಗುಳ. ಗಂಡಂದಿರಿಗೆ ಸ್ವಲ್ಪ ಜಾಸ್ತಿ.

ಅವಳದು ಒಂದೇ ಹಟ. ನೀರು ಸುಡಬೇಕು. ಹೊಯ್ಯುವವಳ ಕೈ ಕೆಂಪಾಗದಿದ್ದರೆ ಅದು ಬಾಣಂತಿ ನೀರೇ ಅಲ್ಲ. ಈ ಹಟಕ್ಕೆ ಕಾರಣ ಇತ್ತು. ಸ್ವಂತ ಮಗಳು ರುಬೀನ ಊರಲ್ಲಿ ಹೆತ್ತಾಗ ಇವಳಿಗೆ ಅರಬಿಯ ಮನೆಯಿಂದ ರಜೆ ಸಿಗಲಿಲ್ಲ. ಮೀಯಿಸುವವರು ಯಾರೂ ಇಲ್ಲದೆ ಹುಡುಗಿ ಮಳೆಗಾಲದಲ್ಲಿ ತಣ್ಣೀರಿಗೆ ಕೈಹಾಕಿ ಎದ್ದಳು. ಇವತ್ತಿಗೂ ಸೊಂಟ ಹಿಡಿದುಕೊಂಡೇ ಮೆಟ್ಟಿಲು ಹತ್ತುತ್ತಾಳೆ. ಆ ಸಂಕಟ ಆಚುಮ್ಮನ ಹೊಟ್ಟೆಯಿಂದ ಯಾವತ್ತೂ ಹೋಗಲಿಲ್ಲ.

ಆ ಚಳಿಗಾಲದಲ್ಲಿ ಅವಳು ಇದ್ದದ್ದು ದೀಪ್ತಿಯ ಹತ್ತಿರ. ದೀಪ್ತಿ ಕಾಪು ಕಡೆಯ ತುಳುವರ ಹುಡುಗಿ, ಚೊಚ್ಚಲ ಹೆರಿಗೆ. ಗಂಡ ಪೃಥ್ವಿರಾಜ್ ದೂರದ ರುವೈಸ್‌ನ ಎಣ್ಣೆ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಅಲ್ಲಿ ಅವನ ದರ್ಜೆಯವರಿಗೆ ಕುಟುಂಬದ ಮನೆ ಇಲ್ಲ. ವಾರವಿಡೀ ಅಲ್ಲೇ ಇದ್ದು ಗುರುವಾರ ಸಂಜೆ ಬರುತ್ತಿದ್ದ. ದೀಪ್ತಿಯ ತಾಯಿ ಬರಬೇಕಾಗಿತ್ತು, ಕಾಲು ಮುರಿದುಕೊಂಡು ಮಲಗಿದ್ದರು. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಅಂಗೈಯಗಲ. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಹೇಳಿದ್ದು ಒಂದೇ: ಮಗುವನ್ನು ಬೆಚ್ಚಗಿಡಿ.

ಬೆಚ್ಚಗೆ! ಎಲ್ಲಿಂದ?

ಅವರಿದ್ದ ವಿಲ್ಲಾವನ್ನು ನಡೆಸುತ್ತಿದ್ದವನು ಜಯಪಾಲ. ನಮ್ಮೂರವನೇ, ಅದೇ ಹೊಟ್ಟೆ ಉರಿಯುವ ಸಂಗತಿ. ಊರಿನವರ ಸಂಘಕ್ಕೆ ಅವನೇ ಅಧ್ಯಕ್ಷ, ಎಲ್ಲರ ಬಾಯಲ್ಲಿ ಜಯಪಾಲಣ್ಣ. ಒಂದು ಕುಟುಂಬ ಇರಬೇಕಾದ ವಿಲ್ಲಾವನ್ನು ಹಿಡಿದು, ಹಾಲ್ ಕಡಿದು, ತಾರಸಿಯನ್ನೂ ಬಿಡದೆ ಪ್ಲೈವುಡ್ ಗೋಡೆ ಎಬ್ಬಿಸಿ, ಕಂಡಕಂಡವರಿಗೆ ಕೋಣೆ ಕೊಟ್ಟಿದ್ದ. ದೀಪ್ತಿಯದು ತಾರಸಿಯ ಗೂಡು. ಡಿಸೆಂಬರಿನಲ್ಲಿ ತಪಾಸಣೆಯವರು ಬಂದರು, ನೋಡಿದರು, ಕರೆಂಟು ಕಡಿದು ಹೋದರು. ಅವರದೇನು ತಪ್ಪು? ತಪ್ಪು ಮಾಡಿದವನು ಮಾತ್ರ ಎದೆ ಸೆಟೆಸಿ ಬಂದು, "ಯಾರೂ ಹೆದರುದು ಬೇಡ, ನಾನಿದ್ದೇನೆ" ಎಂದು ಹಿತ್ತಿಲಲ್ಲಿ ಒಂದು ಜನರೇಟರ್ ತಂದಿಟ್ಟ.

ಮೊದಲಿಗೆ ಜನರೇಟರ್ ದಿನವಿಡೀ ಓಡಿತು. ಆಚುಮ್ಮ ಮಗುವಿನ ಬಟ್ಟೆಗಳನ್ನು ಅದರ ಬಿಸಿ ಮುಚ್ಚಳದ ಮೇಲೆ ಕ್ಲಿಪ್ಪು ಹಾಕಿ ಒಣಗಿಸುತ್ತಿದ್ದಳು. ಆಮೇಲೆ ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಜನವರಿ ಬಂದದ್ದೇ ಪೂರಾ ಬಂದ್. ಬಚ್ಚಲಿನ ಗೀಸರ್ ತಣ್ಣಗೆ, ಕರೆಂಟಿನ ಒಲೆ ತಣ್ಣಗೆ, ಪೃಥ್ವಿರಾಜ್ ಮಗುವಿಗೆಂದೇ ತಂದಿಟ್ಟ ಎಣ್ಣೆ ತುಂಬಿದ ಹೀಟರ್ ಮೂಲೆಯಲ್ಲಿ ಶವದ ಹಾಗೆ ತಣ್ಣಗೆ. ಗ್ಯಾಸ್ ಸಿಲಿಂಡರ್ ಇಡಲು ಜಯಪಾಲ ಮೊದಲಿಂದಲೂ ಬಿಟ್ಟಿರಲಿಲ್ಲ. ಸೇಫ್ಟಿ ಅಂತೆ! ಪ್ಲೈವುಡ್ ಗೂಡಿನಲ್ಲಿ ಜನ ತುಂಬುವಾಗ ಎಲ್ಲಿ ಹೋಗಿತ್ತು ಆ ಸೇಫ್ಟಿ?

"ಎಂತ ಮಾಡುದು ಆಚುಮ್ಮ, ಡೀಸೆಲ್ ಶಾರ್ಟೇಜ್," ಅಂದ ಜಯಪಾಲ, ಕಾರಿನ ಕಿಟಕಿ ಅರ್ಧ ಇಳಿಸಿ.

"ಎಲ್ಲಿ ಶಾರ್ಟೇಜ್? ಈ ಊರಿನಲ್ಲಾ? ನೆಲ ಕೆರೆದರೆ ಎಣ್ಣೆ ಬರುವ ಊರಿನಲ್ಲಾ?"

"ನಿಮಗೆ ಗೊತ್ತಾಗುದಿಲ್ಲ. ಸಪ್ಲೈ ಬರುದಿಲ್ಲ. ಖಲಾಸ್." ಕಿಟಕಿ ಏರಿತು.

ಆಚುಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ವಾರವಿಡೀ ಮೈಗೆ ಡೀಸೆಲಿನ ವಾಸನೆ ಹತ್ತಿಸಿಕೊಂಡು ಬರುವವನ ಹೆಂಡತಿ ಮಗುವಿಗೆ ಒಂದು ಚೆಂಬು ನೀರು ಕಾಯಿಸಲು ಡೀಸೆಲ್ ಇಲ್ಲ! ರಜೆಗೆ ಬಂದ ಪೃಥ್ವಿರಾಜ್ ತಾನೇ ಪೇಟೆಯೆಲ್ಲ ಸುತ್ತಿ ಒಂದು ಹಳದಿ ಕ್ಯಾನ್ ತುಂಬ ಡೀಸೆಲ್ ತಂದ. ಜಯಪಾಲ ಅದನ್ನು ಕೈಯಿಂದ ತೆಗೆದುಕೊಂಡು, "ಮೆಷಿನ್ ನೀವೆಲ್ಲ ಮುಟ್ಟಬಾರದು, ನಾನು ಹಾಕಿಸ್ತೇನೆ," ಅಂದ. ಆ ಸಂಜೆ ಜನರೇಟರ್ ಒಂದು ಗಳಿಗೆ ಕೆಮ್ಮಿ ನಿಂತಿತು.

"ಕೇಳು ಮಾರಾಯ, ನನ್ನ ಡೀಸೆಲ್ ಎಲ್ಲಿ ಅಂತ ಕೇಳು," ಎಂದು ಆಚುಮ್ಮ ಪೃಥ್ವಿರಾಜನನ್ನು ತಿವಿದಳು.

"ಹೇಗೆ ಕೇಳುದು ಆಚುಮ್ಮ, ಕೋಣೆ ಕೊಡಿಸಿದ್ದೇ ಅವರು. ನಮ್ಮೂರವರು ಬೇರೆ."

"ನಮ್ಮೂರವ, ನಮ್ಮೂರವ! ನಿನ್ನ ಆ ದಾಕ್ಷಿಣ್ಯ ಸುಟ್ಟರೆ ಒಂದು ಹಂಡೆ ನೀರಾದರೂ ಕಾಯ್ತಿತ್ತು."

ನೌಶಾದನ ಮನೆಗೆ ಕರೆದುಕೊಂಡು ಹೋಗೋಣ ಎಂದರೆ ಅವನದು ಹೆಂಡತಿ ಮಕ್ಕಳು ಸೇರಿ ಒಂದೇ ಕೋಣೆ, ಕಾಲು ನೀಡಲು ಜಾಗವಿಲ್ಲ. ಆಚುಮ್ಮ ದಿನಾ ಅಲ್ಲಿಂದ ಫ್ಲಾಸ್ಕುಗಳಲ್ಲಿ ಬಿಸಿನೀರು ತುಂಬಿಸಿಕೊಂಡು ಟ್ಯಾಕ್ಸಿಯಲ್ಲಿ ಬರುತ್ತಿದ್ದಳು. ಅದು ಮಗುವಿನ ಮೈ ಒರೆಸಲಿಕ್ಕೆ ಸಾಕು. ತಾಯಿಗೆ? ದೀಪ್ತಿ ಮೀಯದೆ ವಾರವಾಗುತ್ತ ಬಂತು. ಸೊಂಟ ಹಿಡಿದುಕೊಂಡಿತು, ಮೈ ನಡುಗತೊಡಗಿತು, ಎದೆಹಾಲು ಕಡಿಮೆಯಾಯಿತು. ಗೋಡೆಯ ಕಡೆ ತಿರುಗಿ, ಸದ್ದು ಕೇಳಿಸದ ಹಾಗೆ ಅಳುತ್ತಿದ್ದಳು. ಮಗುವಿನ ಪಾದ ಮುಟ್ಟಿದರೆ ತಣ್ಣಗೆ. ಆಚುಮ್ಮ ಅದನ್ನು ತನ್ನ ಹೊಟ್ಟೆಗೆ ಅವಚಿಕೊಂಡು, "ಯಾ ರಬ್ಬೇ, ಇನ್ನೊಂದು ರುಬೀನ ನನ್ನ ಕೈಯಲ್ಲಿ ಆಗುದು ಬೇಡ," ಎಂದು ಬೇಡಿದಳು.

ಮುಂದಿನ ಗುರುವಾರ ಒಂದು ಪಿಕಪ್ ಬಂದು ಜನರೇಟರನ್ನೇ ಹೊತ್ತುಕೊಂಡು ಹೋಯಿತು. ಸರ್ವಿಸಿಗೆ ಅಂತೆ. ಅದೇ ಹೊತ್ತಿಗೆ ಜಯಪಾಲನ ಫೋನು ಬಂತು. ಸ್ವರದಲ್ಲಿ ಜೇನು. "ಆಚುಮ್ಮ, ನಾಳೆ ನಮ್ಮ ಸಂಘದ ಚಳಿಗಾಲದ ಸ್ನೇಹಕೂಟ, ತೋಟದಲ್ಲಿ. ನಿಮಗೆ ಸನ್ಮಾನ ಇಟ್ಟಿದ್ದೇವೆ. ಇಲ್ಲ ಅನ್ನಬಾರದು."

"ನನಗೆ ಸನ್ಮಾನ ಬೇಡ. ಡೀಸೆಲ್ ಕೊಡಿ."

"ಅದು ಬೇರೆ ವಿಷಯ. ಬ್ಯಾನರಿನಲ್ಲಿ ನಿಮ್ಮ ಹೆಸರು ಹಾಕಿ ಆಯ್ತು."

ಹೋಗುವುದಿಲ್ಲ ಎಂದೇ ಇದ್ದಳು. ಮತ್ತೆ ಯೋಚಿಸಿದಳು: ಅಷ್ಟು ಜನರ ಎದುರು ಕೇಳಿದರೆ ಹೇಗೆ ಇಲ್ಲ ಅನ್ನುತ್ತಾನೆ ನೋಡುವ. ದೀಪ್ತಿಯನ್ನು ಆ ಕೋಣೆಯಲ್ಲಿ ಬಿಟ್ಟು ಹೋಗುವ ಹಾಗಿಲ್ಲ. ನಲ್ವತ್ತು ದಿನ ತುಂಬದೆ ಬಾಣಂತಿ ಹೊಸಿಲು ದಾಟಬಾರದೆಂದು ಊರಿಗೆಲ್ಲ ಉಪದೇಶ ಮಾಡುವವಳೇ, ಆ ಶುಕ್ರವಾರ ತಾಯಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಪೃಥ್ವಿರಾಜನ ಕಾರಿನಲ್ಲಿ ಕೂರಿಸಿದಳು. ಅವರ ಪಾಲಿಗೆ ಉಳಿದ ಒಂದೇ ಬೆಚ್ಚನೆಯ ಜಾಗ ಆ ಕಾರು.

ತೋಟ ನಗರದಿಂದ ದೂರ, ಮರಳಿನ ನಡುವೆ. ಹೊರಗೆ ಬಿಸಿಲಿತ್ತು, ಗಾಳಿ ಮಾತ್ರ ಕೊರೆಯುತ್ತಿತ್ತು. ಶಾಮಿಯಾನ, ಹಗಲಲ್ಲೇ ಉರಿಯುವ ಬಣ್ಣದ ದೀಪ, ಎದೆ ನಡುಗಿಸುವ ಸ್ಪೀಕರು. ವೇದಿಕೆಯ ಹಿಂದೆ ಉದ್ದ ಬ್ಯಾನರು, ಅದರಲ್ಲಿ ಆಳೆತ್ತರದ ಜಯಪಾಲ ಕೈಮುಗಿದು ನಗುತ್ತಿದ್ದ. ಆಚುಮ್ಮನ ಹೆಸರು ಕೆಳಗೆ, ಇರುವೆಯ ಸಾಲಿನಷ್ಟು. ಕಾರನ್ನು ವೇದಿಕೆಯ ಹಿಂಭಾಗದಲ್ಲಿ ನಿಲ್ಲಿಸಿ ಆಚುಮ್ಮ ಇಳಿದಳು. ಅಲ್ಲಿ ಗುಡುಗುಡು ಸದ್ದು. ಆ ಕಡೆ ಕಣ್ಣು ಹೋಯಿತು. ನಿಂತಲ್ಲೇ ನಿಂತಳು.

ಅವರದೇ ಜನರೇಟರ್. ಮುಚ್ಚಳದ ಅಂಚಿನಲ್ಲಿ ಅವಳು ಹಾಕಿದ ಗುಲಾಬಿ ಕ್ಲಿಪ್ಪು, ಅದರಲ್ಲಿ ಮಗುವಿನ ಒಂದು ಕಾಲುಚೀಲ ಇನ್ನೂ ನೇತಾಡುತ್ತಿತ್ತು. ಪಕ್ಕದಲ್ಲಿ ಡೀಸೆಲ್ ತುಂಬಿದ ಡ್ರಮ್ಮುಗಳು. ಡ್ರಮ್ಮಿಗೆ ಒರಗಿ ಪೃಥ್ವಿರಾಜನ ಹಳದಿ ಕ್ಯಾನು.

ಆಚುಮ್ಮ ಕಾಲುಚೀಲ ಬಿಡಿಸಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಒಬ್ಬರಿಗೂ ಬೈಯದೆ ನೇರ ವೇದಿಕೆಯ ಕಡೆ ನಡೆದಳು. ಅವಳನ್ನು ಬಲ್ಲವರು ಯಾರಾದರೂ ಅಲ್ಲಿದ್ದರೆ ಆಗಲೇ ಹೆದರುತ್ತಿದ್ದರು.

ವೇದಿಕೆಯಲ್ಲಿ ಕುರ್ಚಿ, ಹಾರ, ಹಣ್ಣಿನ ಬುಟ್ಟಿ, ಹೆಗಲಿಗೆ ಜರಿಯ ಶಾಲು. ಶಾಲೋ, ಈಚೆಯಿಂದ ನೋಡಿದರೆ ಆಚೆ ಕಾಣುವಷ್ಟು ತೆಳು. ರೇಷ್ಮೆ ಶಲ್ಯ ಹೊದ್ದ ಜಯಪಾಲ ಮೈಕಿನಲ್ಲಿ ಕರಗಿಹೋಗಿದ್ದ: "ಪರದೇಶದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ತವರಿನ ಬಿಸಿನೀರು ಹೊಯ್ದ ತಾಯಿ ಇವರು..."

ಆಚುಮ್ಮ ಎದ್ದು ಮೈಕ್ ಕಸಿದುಕೊಂಡಳು.

"ನನಗೆ ಭಾಷಣ ಬರುದಿಲ್ಲ. ಬಿಸಿನೀರು ಅಂದಿರಲ್ಲ ಜಯಪಾಲಣ್ಣ, ಎಲ್ಲಿ ಉಂಟು ಬಿಸಿನೀರು? ಡೀಸೆಲ್ ಶಾರ್ಟೇಜ್ ಅಂದವರು ನೀವಲ್ಲವಾ? ಹಿಂದೆ ಓಡುವ ಆ ಜನರೇಟರ್ ಯಾರದ್ದು? ಇದು ಅದರ ಮೇಲೆ ನಾನು ಒಣಗಿಸಲು ಹಾಕಿದ ಮಗುವಿನ ಕಾಲುಚೀಲ. ಆ ಮಗು ಬೇರೆ ಬೆಚ್ಚನೆಯ ಜಾಗ ಇಲ್ಲದೆ ಈಗ ಕಾರಿನಲ್ಲಿ ಉಂಟು. ಅದರ ತಾಯಿ ಮೀಯದೆ ವಾರ ಆಯ್ತು. ಹಸಿ ಬಾಣಂತಿಯ ನೀರು ಕದ್ದು ಈ ಬಣ್ಣದ ಲೈಟ್ ಉರಿಸಿದ್ದಾ ನೀವು? ಥೂ, ನಿಮಗೆ ನಾಚಿಕೆ ಅಂತ ಒಂದು ಇಲ್ಲವಾ?"

ಜಯಪಾಲ ಕೈಸನ್ನೆ ಮಾಡಿದ. ಮೈಕ್ ಸತ್ತಿತು. ಆಚುಮ್ಮ ಅದನ್ನು ಕುರ್ಚಿಯ ಮೇಲೆ ಎಸೆದಳು.

"ಆಫ್ ಮಾಡಿ! ಅದೂ ನಮ್ಮದೇ ಡೀಸೆಲ್!" ಆ ಸ್ವರಕ್ಕೆ ಮೈಕ್ ಯಾವತ್ತೂ ಬೇಕಿರಲಿಲ್ಲ. "ಲೋಲಾಕ್ಷೀ, ನಿನ್ನ ಅವಳಿ ಮಕ್ಕಳನ್ನು ಮೀಯಿಸಿದ್ದು ಯಾರು? ಮಾರ್ಟಿನಾ, ನೀನು ಎದ್ದು ನಿಲ್ಲಲಾಗದೆ ಬಿದ್ದಿದ್ದಾಗ ಬೆನ್ನಿಗೆ ನೀರು ಹೊಯ್ದದ್ದು ಯಾರು? ನನಗೆ ಶಾಲು ಬೇಡ. ಒಂದು ಹಂಡೆ ನೀರು ಕಾಯಿಸಿ ಕೊಡಿ."

ಮೊದಲು ಲೋಲಾಕ್ಷಿ ಎದ್ದಳು. ಮಾರ್ಟಿನಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸಾಲು ಸಾಲು ಹೆಂಗಸರು ಕುರ್ಚಿ ಸರಿಸಿ ಎದ್ದು ನೇರ ಅಡುಗೆಯ ಕಡೆ ನಡೆದರು. ಅಡುಗೆಯ ವಿಕ್ಟರ್ ಅನ್ನಕ್ಕೆಂದು ದೊಡ್ಡ ಹಂಡೆಯಲ್ಲಿ ಎಸರು ಇಟ್ಟಿದ್ದ. "ಬಾಯಮ್ಮ, ಊಟ ತಡ ಆಗ್ತದೆ," ಎಂದು ಬಾಯಿ ತೆರೆದ.

"ಆಗಲಿ," ಅಂದಳು ಮಾರ್ಟಿನಾ. ವಿಕ್ಟರ್ ಅಕ್ಕಿ ಪಕ್ಕಕ್ಕಿಟ್ಟು ಗ್ಯಾಸಿನ ಉರಿ ಹೆಚ್ಚಿಸಿದ.

ಒಲೆಯ ಹತ್ತಿರವೇ ತೋಟದ ಹಾರೆ ಹತ್ಯಾರು ಇಡುವ ಒಂದು ಗೂಡು ಇತ್ತು, ಮೂರು ಕಡೆ ಗೋಡೆ, ಬಾಗಿಲಿಲ್ಲ. ಮರೆಗೆ ಏನು ಮಾಡುವುದು? ಲೋಲಾಕ್ಷಿ ವೇದಿಕೆ ಹತ್ತಿ ಬ್ಯಾನರನ್ನೇ ಕಿತ್ತು ತಂದು ಅಡ್ಡ ಕಟ್ಟಿದಳು. ಕೈಮುಗಿದು ನಗುವ ಜಯಪಾಲನ ಹಿಂದೆ ದೀಪ್ತಿಯನ್ನು ಕೂರಿಸಿದರು. ಸನ್ಮಾನದ ಶಾಲು ಅವಳ ಕಾಲ ಕೆಳಗೆ ಹಾಸಾಯಿತು.

ನಿಜವಾದ ಜಯಪಾಲ ಈಚೆ ನಿಂತು ಕೈ ಕೈ ಹಿಸುಕಿಕೊಳ್ಳುತ್ತಿದ್ದ. "ಇದು ಸಭೆ... ಗಣ್ಯರು ಬರುವ ಹೊತ್ತು... ಮರ್ಯಾದೆ ಪ್ರಶ್ನೆ..."

ಅವನ ಹೆಂಡತಿ ಜಲಜಾಕ್ಷಿ ಮುಂದಿನ ಸಾಲಿನಿಂದ ಎದ್ದು ಬಂದಳು. ಮೂರು ಹೆರಿಗೆಗೂ ಆಚುಮ್ಮನ ಕೈಯಲ್ಲೇ ಮಿಂದವಳು. ಒಂದು ಖಾಲಿ ಬಕೆಟ್ ಎತ್ತಿ ಗಂಡನ ಕೈಗೆ ತುರುಕಿದಳು.

"ಮರ್ಯಾದೆ ಆಮೇಲೆ. ಮೊದಲು ನೀರು ಹೊರಿ. ಬೇರೆ ಯಾರೂ ಕೈ ಹಾಕುದು ಬೇಡ, ಇವರೇ ಹೊರಲಿ."

ಅಷ್ಟು ಜನ ನೋಡುತ್ತಿದ್ದರು. ಅವನು ಹೊತ್ತ. ನೀರು ತುಳುಕಿ ರೇಷ್ಮೆ ಶಲ್ಯ ಒದ್ದೆಯಾಯಿತು. ಬ್ಯಾನರಿನ ಅಡಿಯಿಂದ ಆಚುಮ್ಮನ ಕೈ ಬಂದು ಬಕೆಟ್ ಎಳೆದುಕೊಂಡಿತು. ಒಳಗೆ ನೀರು ಬೀಳುವ ಸದ್ದು. ಮೊದಲ ಚೆಂಬು ಬೆನ್ನಿಗೆ ಬಿದ್ದಾಗ ದೀಪ್ತಿ "ಅಮ್ಮಾ" ಎಂದಳು, ಆಮೇಲೆ ತಡೆಯಲಾಗದೆ ಗಟ್ಟಿಯಾಗಿ ಅತ್ತುಬಿಟ್ಟಳು. ಆಚುಮ್ಮನ ಕೈ ಕೆಂಪೇರಿತ್ತು. "ಅಳು ಮೋಳೆ, ಅಳು ಮಗಳೇ. ಇನ್ನು ಗೋಡೆಗೆ ತಿರುಗಿ ಅಳುದು ಬೇಡ," ಎನ್ನುತ್ತ ಹೊಯ್ಯುತ್ತಲೇ ಇದ್ದಳು. ಆಮೇಲೆ ಕಾಲು ನೀಡಿ ಕೂತು ಮಗುವನ್ನು ಇಸಿದುಕೊಂಡಳು. ಅದು ಹದವಾದ ಬಿಸಿನೀರು ತಾಗಿದ್ದೇ ಮುಷ್ಟಿ ಬಿಚ್ಚಿತು.

"ಆಚುಮ್ಮ," ಹೊರಗಿನಿಂದ ಜಯಪಾಲನ ಸ್ವರ, ಸಣ್ಣದಾಗಿತ್ತು. "ಜನರೇಟರ್ ಇವತ್ತೇ ವಾಪಸು ಕಳಿಸ್ತೇನೆ. ಡೀಸೆಲ್ ಸಮೇತ. ಬ್ಯಾನರೊಂದು ಬಿಚ್ಚಿ ಕೊಟ್ಟರೆ ಕಾರ್ಯಕ್ರಮ..."

"ನೀರು ಸಾಲದು," ಅಂದಳು ಆಚುಮ್ಮ. "ಇನ್ನೊಂದು ಬಕೆಟ್ ತನ್ನಿ. ಮತ್ತೆ ಕೇಳಿಸಿಕೊಳ್ಳಿ, ನಾಳೆಯೂ ಈ ಹುಡುಗಿ ಮೀಯಬೇಕು, ನಾಡಿದ್ದೂ ಮೀಯಬೇಕು. ನಲ್ವತ್ತು ಆಗುವವರೆಗೆ ತಾರಸಿಗೆ ನೀರು ಹತ್ತಿಸುದು ನೀವೇ."

ಬ್ಯಾನರಿನ ಆಚೆ ಬಕೆಟ್ ಎತ್ತಿಕೊಳ್ಳುವ ಸದ್ದು ಬಂತು.