ಅತ್ತೆ ಕೇಳಿದ ನೀರು

ನನ್ನ ಅತ್ತೆ ತೀರಿಕೊಂಡು ಮೂರು ತಿಂಗಳಾಗಿತ್ತು. ಏಪ್ರಿಲ್‌ನ ಒಂದು ಮಧ್ಯಾಹ್ನ ಅವರು ಮತ್ತೆ ನೀರು ಕೇಳಿದರು.

ನಾನು ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದುತ್ತಿದ್ದೆ. ಮೊದಲು ಎರಡು ಸಲ ಕೆಮ್ಮು ಕೇಳಿಸಿತು. ಆಮೇಲೆ ಮಾತನ್ನು ಎಳೆದೆಳೆದು, "ನೀರ ಕೊಡವಾ, ಗಂಟಲಾ ಒಣಗೇತಿ." ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಹಳೆಯ ಸಿಟ್ಟು. ಈಗಷ್ಟೇ ಕುಡಿದಿದ್ದಾರಲ್ಲ, ಮತ್ತೇನು ಎಂದುಕೊಂಡೆ. ಆಮೇಲೆ ಅವರು ಇಲ್ಲವೆಂಬುದು ನೆನಪಾಗಿ ಕೈ ಹಿಟ್ಟಿನಲ್ಲೇ ನಿಂತುಬಿಟ್ಟಿತು.

ಒಳಕೋಣೆಗೆ ಹೋಗಿ ನೋಡಿದೆ. ಅತ್ತೆ ಮಲಗುತ್ತಿದ್ದ ಖಾಲಿ ಹೊರಸಿನ ಪಕ್ಕ ನನ್ನ ಮಗಳು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಆಗ ಅವಳಿಗೆ ನಾಲ್ಕೂವರೆ ವರ್ಷ. ಅಲ್ಲಿಯವರೆಗೆ ಒಂದು ಸಲವೂ ಅವ್ವಾ ಎಂದವಳಲ್ಲ. ಇಂಡಿ ಪಟ್ಟಣದ ಕನ್ನಡ ಶಾಲೆಯಲ್ಲಿ ಊರ ಮಕ್ಕಳಿಗೆಲ್ಲ ಬಾಯಿಪಾಠ ಮಾಡಿಸುವ ಟೀಚರ್ ನಾನು, ನನ್ನ ಮನೆಯಲ್ಲಿ ಈ ಮೌನ. ಡಾಕ್ಟರು ಆಟಿಸಂ ಎಂದಿದ್ದರು. ಮುಂದಿನ ವಾರದಿಂದ ಸಿಂದಗಿಯಲ್ಲಿ ಥೆರಪಿ ಶುರುವಾಗಬೇಕಿತ್ತು. ಇಂಥ ಹೊತ್ತಿನಲ್ಲಿ ಅವಳು ಬಾಯಿಬಿಟ್ಟಳು, ಅದೂ ಸತ್ತವರ ದನಿಯಲ್ಲಿ.

ನನ್ನ ದೊಡ್ಡ ನಾದಿನಿ, ಗಂಡನ ಅಕ್ಕ, ಬಸವನ ಬಾಗೇವಾಡಿಯಿಂದ ಬಂದು ಆ ಬೇಸಿಗೆ ನಮ್ಮಲ್ಲೇ ಇದ್ದರು. ಮರುದಿನ ಅವರ ಕಿವಿಗೂ ಆ ದನಿ ಬಿತ್ತು. ತಲೆಯ ಮೇಲೆ ಸೆರಗು ಎಳೆದುಕೊಂಡು ಹೊಸ್ತಿಲಲ್ಲೇ ಕೂತುಬಿಟ್ಟರು. "ನಮ್ಮವ್ವನ ನೀರಡಿಕಿ ಇನ್ನಾ ತೀರಿಲ್ಲ," ಅಂದರು.

ಅಂದಿನಿಂದ ಕೂಸು ಕೇಳಿದಾಗಲೆಲ್ಲ ಅವರು ತಾಮ್ರದ ತಂಬಿಗೆಯಲ್ಲಿ ನೀರು ತುಂಬಿ ಹೊರಸಿನ ತಲೆಯ ಬಳಿ ಇಡುತ್ತಿದ್ದರು. ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವ ನಮ್ಮ ಮನೆಯಲ್ಲಿ ಅದು ಯಾರಿಗೂ ವಿಚಿತ್ರವೆನಿಸಲಿಲ್ಲ. ದೀಪ ಹಚ್ಚುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಮಗಳು ಒಮ್ಮೆ ಕೈ ಚಾಚಿದ್ದಕ್ಕೆ ಚಟ್ಟನೆ ಏಟು ಬಿತ್ತು. ಓಣಿಯ ಹೆಂಗಸರು ಮಧ್ಯಾಹ್ನ ಕೆಲಸ ಮುಗಿಸಿ ಬಂದು ಸಾಲಾಗಿ ಕೂತು ಕಾಯತೊಡಗಿದರು. ಒಬ್ಬಳಂತೂ ತನ್ನ ಕಳೆದುಹೋದ ಬೆಂಡೋಲೆ ಎಲ್ಲಿದೆ ಎಂದು ಅತ್ತೆಯನ್ನು ಕೇಳಿಯೇ ಬಿಟ್ಟಳು. ಬದುಕಿದ್ದಾಗ ತನ್ನ ಕನ್ನಡಕ ಎಲ್ಲಿದೆಯೆಂದು ಗೊತ್ತಿಲ್ಲದ ಮುದುಕಿ, ಸತ್ತ ಮೇಲೆ ಊರವರ ಬೆಂಡೋಲೆ ಹುಡುಕಬೇಕೇ! ಎಲ್ಲರನ್ನೂ ಎಬ್ಬಿಸಿ ಕಳಿಸಿದೆ.

ನಾದಿನಿ ಮಾತ್ರ ಬಿಡಲಿಲ್ಲ. ಮುದ್ದೇಬಿಹಾಳದ ಕಡೆ ಇಂಥದ್ದನ್ನು ಬಿಡಿಸುವವರೊಬ್ಬರಿದ್ದಾರೆ, ಕೂಸನ್ನು ಅಲ್ಲಿಗೆ ಒಯ್ಯೋಣ ಎಂದರು. ಅಲ್ಲಿ ಹೇಗೆ ಬಿಡಿಸುತ್ತಾರೆಂದು ನಾನು ಕೇಳಿ ಬಲ್ಲೆ: ಬೇವಿನ ಬರಲಿನ ಏಟು, ಮೆಣಸಿನಕಾಯಿ ಹೊಗೆ. ಜಗಳವೇ ಆಯಿತು. ಸಕ್ಕರೆ ಕಾರ್ಖಾನೆಯಿಂದ ದಣಿದು ಬಂದ ಗಂಡ ಯಾರ ಕಡೆಯೂ ಸೇರದೆ, ಒಂದು ತಿಂಗಳು ಸಿಂದಗಿ, ಅಷ್ಟರಲ್ಲಿ ದನಿ ಹೋಗದಿದ್ದರೆ ಅಕ್ಕ ಹೇಳಿದಂತೆ ಎಂದು ತೀರ್ಮಾನ ಮಾಡಿದ. ನನ್ನ ಮಗಳಿಗೆ ಸಿಕ್ಕಿದ್ದು ಆ ಒಂದು ತಿಂಗಳು.

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ, ಬೀಜದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಥೆರಪಿ. ಕಲಿಸುವ ಮೇಡಂ ನನಗಿಂತ ಹತ್ತು ವರ್ಷ ಚಿಕ್ಕವಳು. ಮೊದಲ ದಿನ ಅವಳು ಮಾಡಿದ್ದು ಇಷ್ಟೇ: ನೆಲದ ಮೇಲೆ ಕೂತು, ನನ್ನ ಮಗಳು ಮನೆಯಿಂದ ತಂದಿದ್ದ ಎಳೆ ನಿಂಬೆಕಾಯಿಗಳನ್ನು ಅವಳ ಜೊತೆ ಸಾಲಾಗಿ ಜೋಡಿಸಿದಳು. ಇದಕ್ಕಾಗಿ ಉರಿಬಿಸಿಲಲ್ಲಿ ಬಸ್ಸು ಹತ್ತಿ ಬರಬೇಕಿತ್ತೇ ಎಂದು ನನಗೆ ಮೈಯೆಲ್ಲ ಉರಿಯಿತು. ಹೊರಡುವಾಗ ಅವಳು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಹಾಕಿ ಕೊಟ್ಟಳು. ಕೂಸು ಮಾತಾಡುವ ಮೊದಲು ಏನಾಯಿತು, ಕೂಸು ಏನು ಮಾಡಿತು, ಆಮೇಲೆ ಏನಾಯಿತು. ಮತ್ತೇನೂ ಬೇಡ, ಕಂಡದ್ದನ್ನಷ್ಟೇ ಬರೆಯಿರಿ ಎಂದಳು.

ಎರಡು ವಾರ ಬರೆದೆ. ಬಿಸಿಲಲ್ಲಿ ಆಡಿ ಬಂದಳು. ಅತ್ತೆಯ ದನಿಯಲ್ಲಿ ನೀರು ಕೇಳಿದಳು. ನಾದಿನಿ ಅತ್ತೆಗೆ ನೀರಿಟ್ಟರು, ಅವಳು ಅಷ್ಟರಲ್ಲೇ ಹಿತ್ತಲಿಗೆ ಹೋಗಿದ್ದಳು. ಖಾರದ ಚುರುಮುರಿ ತಿಂದಳು, ನೀರು ಕೇಳಿದಳು, ಅತ್ತೆಗೆ ನೀರಿಟ್ಟರು. ಪುಟ ತುಂಬ ಇದೇ.

ಮೇಡಂ ಮೂರನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಎಳೆದಳು. "ಟೀಚರ್, ಅಜ್ಜಿಗಿ ದಿನಾ ನೀರ ಸಿಕ್ಕೇತಿ," ಅಂದಳು. "ಕೂಸಿಗಿ ಏನ ಸಿಕ್ಕೇತ್ರಿ?"

ಊಟದ ಜೊತೆ ನಾವೇ ನೀರು ಕುಡಿಸುತ್ತಿದ್ದೆವು, ಉಳಿದ ಹೊತ್ತಿನ ಲೆಕ್ಕ ಯಾರಿಗೂ ಇರಲಿಲ್ಲ. ಕಿವಿಯ ಮೇಲೆ ಬಿದ್ದ ಮಾತನ್ನು ಇಡಿಯಾಗಿ ಎತ್ತಿಟ್ಟುಕೊಂಡು, ಬೇಕಾದಾಗ ಹಾಗೇ ಹೊರಗೆ ತೆಗೆಯುವ ಮಕ್ಕಳಿದ್ದಾರಂತೆ. ನನ್ನ ಮಗಳಿಗೆ ನೀರಡಿಕೆಯಾದಾಗ ಗೊತ್ತಿದ್ದದ್ದು ಅಜ್ಜಿಯ ಮಾತೊಂದೇ, ಅದಕ್ಕೆ ಕೆಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದಳು. ಅದನ್ನು ಬಿಡಿಸಬೇಡಿ, ಅದು ಅವಳು ಕೇಳುವ ರೀತಿ, ಕೇಳಿದ ಕೂಡಲೇ ಕೊಡಿ ಎಂದಳು ಮೇಡಂ. ಆದರೆ ಒಂದು ಅವಳಿಗೆ ತಿಳಿಯಲಿಲ್ಲವಂತೆ. ಇಷ್ಟು ನೀರಡಿಸಿದ ಕೂಸು ಕೇಳಿ ಒಂದು ಗಳಿಗೆಯೂ ಕಾಯದೆ ಯಾಕೆ ಹೋಗಿಬಿಡುತ್ತದೆ?

ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ನಾದಿನಿ ತಂಬಿಗೆ ತರಲು ಓಡಿದಾಗ ಮಗಳು ಹಿತ್ತಲಿನ ನಿಂಬೆಗಿಡದ ಕೆಳಗೆ ಹೋಗಿ ಕೂರುತ್ತಿದ್ದಳು. ಅಲ್ಲಿ ತನಗೆ ತಾನೇ ಉತ್ತರ ಕೊಟ್ಟುಕೊಳ್ಳುತ್ತಿದ್ದಳು, ಸಣ್ಣಗೆ, ನನ್ನ ದನಿಯಲ್ಲಿ: "ಈಗ ಬ್ಯಾಡ್ರಿ ಅತ್ತಿ. ಸಂಜಿಗಿ ಕೊಡ್ತೇನಿ." ಸತ್ತವರ ದನಿಗೆ ನಾನು ಅಷ್ಟು ಹೆದರಿರಲಿಲ್ಲ. ಬದುಕಿರುವ ನನ್ನ ದನಿ ಅವಳ ಬಾಯಿಂದ ಬಂದಾಗ ಹೆದರಿದ್ದೆ.

ಮೇಡಂಗೆ ಎಲ್ಲ ಹೇಳಿದೆ. ಅತ್ತೆಗೆ ಕಿಡ್ನಿ ತೊಂದರೆ, ದಿನಕ್ಕಿಷ್ಟೇ ನೀರು ಎಂದು ಡಾಕ್ಟರು ಚೀಟಿ ಬರೆದಿದ್ದರು. ನಾನು ಅಳೆದು ಕೊಡುತ್ತಿದ್ದೆ. ಕೊನೆಯ ದಿನ ಮಧ್ಯಾಹ್ನ ಅವರು ಕೇಳಿದಾಗ ಸಂಜೆಗೆ ಕೊಡುತ್ತೇನೆ ಎಂದಿದ್ದೆ. ಹೊರಸಿನ ಕೆಳಗೆ ಮಗಳು ನಿಂಬೆಕಾಯಿ ಜೋಡಿಸುತ್ತಿದ್ದಳು. ಅತ್ತೆ ಸಂಜೆಯವರೆಗೆ ಉಳಿಯಲಿಲ್ಲ. ಚೀಟಿ ಇನ್ನೂ ನನ್ನ ಹತ್ತಿರ ಇದೆ, ತಪ್ಪು ನನ್ನದಲ್ಲವೆಂದು ಅದನ್ನು ಎಷ್ಟೋ ಸಲ ತೆಗೆದು ಓದಿದ್ದೇನೆ. ಮೇಡಂ ಸಮಾಧಾನದ ಮಾತೇನೂ ಆಡಲಿಲ್ಲ. ಈಗ ಬ್ಯಾಡ ಎಂಬ ಆ ಎರಡನೆಯ ಮಾತು ಬರುವುದರೊಳಗೆ ನೀರು ಕೂಸಿನ ಕೈಯಲ್ಲಿರಬೇಕು ಎಂದಳು, ಅಷ್ಟೆ.

ಮನೆಗೆ ಬಂದು ಪ್ರತಿ ಕೋಣೆಯಲ್ಲೂ ಒಂದೊಂದು ಲೋಟ ನೀರಿಟ್ಟೆ. ಮರುದಿನ ಮಧ್ಯಾಹ್ನ ಕೆಮ್ಮು ಕೇಳಿದ್ದೇ ತಡ, ಹಿಟ್ಟಿನ ಕೈಯಲ್ಲೇ ಓಡಿದೆ. ಅವಳು ಗೋಡೆಗೆ ಮುಖ ಮಾಡಿ ಕೇಳುತ್ತಿದ್ದಳು. ಲೋಟ ತುಟಿಗೆ ಹಿಡಿದೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ, ನನ್ನ ಬಾಯಿಂದ ತಾನಾಗಿ ಬಂತು: "ಕುಡೀರಿ ಅತ್ತಿ. ಎಷ್ಟ ಬೇಕೋ ಅಷ್ಟ ಕುಡೀರಿ." ಅವಳು ಗಟಗಟನೆ ಕುಡಿದಳು. ನಾನು ಹೊರಸಿನ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ದಿನವೂ ಹಾಗೇ ಓಡಿದೆ, ಹಾಗೇ ಹೇಳಿದೆ.

ತಿಂಗಳ ಕೊನೆಯ ದಿನ ದನಿ ಹೋಗಿರಲಿಲ್ಲ. ನಾದಿನಿ ಮುದ್ದೇಬಿಹಾಳಕ್ಕೆ ಚೀಲ ಕಟ್ಟಿಕೊಂಡು ಕೂತಿದ್ದರು. ಮಗಳು ಬಂದು ಹೊರಸಿನ ಪಕ್ಕ ನಿಂತು, ಎರಡು ಸಲ ಕೆಮ್ಮಿ, ಅಜ್ಜಿಯಾಗಿ ನೀರು ಕೇಳಿದಳು. ನಾನು ಏಳುವುದರೊಳಗೆ ತನ್ನ ಉತ್ತರವನ್ನೂ ಹೇಳಿಬಿಟ್ಟಳು. ಈ ಸಲ ಹಿತ್ತಲಿಗೆ ಹೋಗಿ ಸಣ್ಣಗೆ ಹೇಳಲಿಲ್ಲ, ಎಲ್ಲರೆದುರು ನನ್ನ ದನಿಯಲ್ಲೇ ಹೇಳಿದಳು: "ಕುಡೀರಿ ಅತ್ತಿ. ಎಷ್ಟ ಬೇಕೋ ಅಷ್ಟ ಕುಡೀರಿ." ಹೇಳಿ, ಹೊರಸಿನ ತಲೆಯ ಬಳಿ ನಾದಿನಿ ಆಗಲೇ ತುಂಬಿಟ್ಟಿದ್ದ ತಾಮ್ರದ ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕುಡಿಯತೊಡಗಿದಳು.

ನಾದಿನಿಯ ಕೈ ಏಟಿಗೆ ಎದ್ದದ್ದು ಅರ್ಧದಲ್ಲೇ ನಿಂತಿತು. ನನ್ನ ಕಡೆ ತಿರುಗಿದರು. ನೀನು ನಮ್ಮವ್ವನಿಗೆ ಹೀಗೆ ಹೇಳುತ್ತಿದ್ದೆಯಾ ಎಂದು ಕೇಳಿಬಿಡುತ್ತಾರೆ ಎಂದು ನಾನು ಕಾದೆ. ಅವರು ಕೂಸಿನ ಕೈಯಿಂದ ಬರಿದಾದ ತಂಬಿಗೆ ತೆಗೆದುಕೊಂಡು ಹೋಗಿ ಮತ್ತೆ ತುಂಬಿ ತಂದು ಅವಳ ಕೈಗೇ ಕೊಟ್ಟರು.