ಚಿಕ್ಕಮ್ಮನ ಪಿಂಗಾಣಿ ದಾಳಿಂಬೆ

ನನ್ನ ತವರು ಮಡಕಶಿರಾ, ಗಂಡನ ಮನೆ ರಾಯದುರ್ಗ. ನಾವು ಮಡಿಲು ತುಂಬುವುದು ಅಂದರೆ ಅವರು ಉಡಿ ತುಂಬುವುದು ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ಮಗಳು ಹೊರಡುವಾಗ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಹಣ್ಣು ಹಾಕಿ ಕಳಿಸುವುದು ಎರಡೂ ಕಡೆ ಇದ್ದದ್ದೇ. ಸೆರಗಿಗೆ ಬಿದ್ದದ್ದು ಅವಳದು. ಅದನ್ನು ವಾಪಸ್ ಕೇಳುವ ಹಾಗಿಲ್ಲ, ಕೊಡುವ ಹಾಗೂ ಇಲ್ಲ.

ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಗಂಡ ತೀರಿಕೊಂಡ ಮೇಲೆ ಇಸ್ರೇಲಿಗೆ ಹೋಗಿ ಒಬ್ಬ ಯಹೂದಿ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಅಜ್ಜಿ ಹೋದ ಮೇಲೆ ಮಕ್ಕಳು, ನೆನಪಿಗೆ ಏನು ಬೇಕೋ ತಗೋ ಅಂದರಂತೆ. ಬೆಳ್ಳಿಯ ದೀಪದ ಕಂಬಗಳೇ ಇದ್ದವಂತೆ! ನಮ್ಮ ಮಹರಾಯಿತಿ ಎತ್ತಿಕೊಂಡು ಬಂದದ್ದು ಪಿಂಗಾಣಿಯ ಕೆಂಪು ದಾಳಿಂಬೆ.

"ಆ ಮನೇಲಿ ಎತ್ಲಾಗ್ ನೋಡಿದ್ರೂ ದಾಳಿಂಬೇನೇ ಕಣೇ. ಮೇಜಿನ ಬಟ್ಟೆ ಮೇಲೆ, ರೊಟ್ಟಿ ಮುಚ್ಚೋ ಬಟ್ಟೆ ಮೇಲೆ, ಗೋಡೆ ತಟ್ಟೆ ಮೇಲೆ. ಹಣ್ಣಾಗೆ ಎಷ್ಟು ಬೀಜ ಐತೋ ಅಷ್ಟು ಒಳ್ಳೇ ಕೆಲ್ಸ ಮಾಡ್ಬೇಕಂತೆ."

"ಇದ್ರಾಗೆ ಒಂದು ಬೀಜಾನೂ ಇಲ್ವಲ್ಲ?" ಅಂದೆ.

"ಥೂ, ಹೋಗೇ!" ಅಂದಳು. ವಾಪಸ್ ಬಂದ ಮೇಲೆ ನನ್ನ ತವರಲ್ಲೇ ಉಳಿದವಳು ಅದನ್ನು ನಡುಮನೆಯ ಗೂಡಿನಲ್ಲಿಟ್ಟು ದಿನಾ ಸಂಜೆ ಒರೆಸುತ್ತಿದ್ದಳು. ಅಜ್ಜಿಯ ಮುಖ ಒರೆಸಿದಂಗೆ ಆಗ್ತೈತೆ ಅನ್ನುತ್ತಿದ್ದಳು.

ಕಳೆದ ಸಲ ನಾನು ಹೊರಟಾಗ ಬಸ್ಸಿಗೆ ಹೊತ್ತಾಗಿತ್ತು. ಮಡಿಲು ತುಂಬಲು ಬಂದ ಪಕ್ಕದ ಮನೆಯ ಮುದುಕಿಗೆ ಕಣ್ಣು ಮಂಜು. ಹಣ್ಣಿನ ತಟ್ಟೆಗೆಂದು ಚಾಚಿದ ಕೈ ಪಕ್ಕದ ಗೂಡಿಗೆ ಹೋಗಿದೆ. ನಾನೋ, ಹಾಕಿದ್ದನ್ನೆಲ್ಲ ಚೀಲಕ್ಕೆ ಸುರಿದುಕೊಂಡು ಓಡಿದೆ.

ರಾಯದುರ್ಗದ ಅಡುಗೆಮನೆಯಿಂದ ಅತ್ತೆ ಕೂಗಿದರು. "ಏನವಾ, ನಿಮ್ಮ ಕಡೀ ಹಣ್ಣು ಎಂಥಾದ್ದು? ಚಾಕುನ ಮೊಂಡಾತು!"

ಅಯ್ಯೋ ದೇವರೇ ಅಂದುಕೊಂಡು ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಬೀಳೋವಾಗ್ಲೇ ನೋಡ್ದೆ ಕಣೇ," ಅಂದಳು.

"ನೋಡಿ ಸುಮ್ನಿದ್ಯಾ? ನಾಳೆನೇ ತಂದ್ಕೊಡ್ತೀನಿ."

"ತಂದ್ರೆ ಬಾಗ್ಲು ಹಾಕ್ಕೊಂತೀನಿ ನೋಡು. ಮಡ್ಲಿಗೆ ಬಿದ್ದಿದ್ದನ್ನ ಯಾರಾದ್ರೂ ಈಸ್ಕೊಂತಾರಾ? ನಿಂದು ಬಾಳಿ ಬದುಕೋ ಮನೆ, ಅಲ್ಲೇ ಇರ್ಲಿ." ಆಮೇಲೆ ದನಿ ಇಳಿಸಿ, "ಧೂಳು ಮಾತ್ರ ಒರೆಸ್ತಿರು," ಅಂದಳು.

ಅವಳಿಗೆ ಮಕ್ಕಳಿಲ್ಲ. ಅಷ್ಟು ವರ್ಷ ಪರದೇಶದಲ್ಲಿ ದುಡಿದು ತನಗೆಂದು ತಂದುಕೊಂಡದ್ದು ಅದೊಂದೇ. ಹಣ್ಣನ್ನು ಮುಂದಿಟ್ಟುಕೊಂಡು ಊಟ ಬಿಟ್ಟು ಕೂತೆ.

ಅತ್ತೆಗೆ ಇಂಥ ಸಪ್ಪೆ ಮುಖ ಕಂಡರಾಗದು. "ವಾಪಸ್ ಕೊಟ್ರ ತಪ್ಪು. ಉಡಿ ತುಂಬಿದ್ರ ಏನು ತಪ್ಪು? ಆಕಿ ಉಡಿಗೇ ಹಾಕಿ ಬಾ."

"ಚಿಕ್ಕಮ್ಮಂಗೆ ಗಂಡ ಇಲ್ವಲ್ಲ ಅತ್ತೆ."

"ಸೆರಗು ಐತಲ್ಲ?" ಅಂದವರೇ ಅಕ್ಕಿ ಡಬ್ಬಿಗೆ ಕೈ ಹಾಕಿದರು. ಅಂಥ ಅತ್ತೆ ನಮ್ಮತ್ತೆ!

ಆ ಭಾನುವಾರವೇ ಮಡಕಶಿರಾಕ್ಕೆ ಹೋದೆ. ನಡುಮನೆಯಲ್ಲಿ ಚಿಕ್ಕಮ್ಮನನ್ನು ಕೂರಿಸಿ, "ಸೆರಗು ಒಡ್ಡು" ಅಂದೆ.

"ನಿಂಗೇನು ಹುಚ್ಚಾ? ನಂಗೆ ಯಾರು ತುಂಬ್ತಾರೆ?" ಎಂದು ಎದ್ದೇಬಿಟ್ಟಳು. ಅಮ್ಮ ಏನೋ ಹೇಳಲು ಬಾಯಿ ತೆರೆದವಳು ನನ್ನ ಮುಖ ನೋಡಿ ತೆಂಗಿನಕಾಯಿ ತಂದಿಟ್ಟಳು. ನಾನು ಚಿಕ್ಕಮ್ಮನ ರಟ್ಟೆ ಹಿಡಿದು ಮತ್ತೆ ಕೂರಿಸಿದೆ. ಹಟದಲ್ಲಿ ನಾನೇನು ಕಡಿಮೆಯೇ?

ಕೊನೆಗೆ ಒಡ್ಡಿದಳು. ಅಕ್ಕಿ ಹಾಕಿದೆ, ಬೆಲ್ಲ, ತೆಂಗಿನಕಾಯಿ ಇಟ್ಟೆ, ಮೇಲೆ ದಾಳಿಂಬೆ ಇಟ್ಟೆ. ಸೆರಗು ಜಗ್ಗಿ ಹಣ್ಣು ಅಂಚಿಗೆ ಉರುಳಿತು.

"ಗಟ್ಟಿಯಾಗಿ ಹಿಡ್ಕೋ ಚಿಕ್ಕಮ್ಮ! ಬಿದ್ರೆ ಒಡೆದ್ಹೋಗ್ತೈತೆ."

ಅವಳು ಹಣ್ಣಿನ ಕಡೆ ನೋಡಲೇ ಇಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಒಡೆದ್ರೆ ಒಡೀಲಿ ಕಣೇ," ಅಂದಳು. "ಇನ್ನೊಂದು ಹಿಡಿ ಅಕ್ಕಿ ಹಾಕು."